ಎರಡು ನಿಮಿಷದ ಲೆಕ್ಕ

ಕಳೆದ ತಿಂಗಳು ಅಬ್ಬಾ ಔಷಧಿ ತರಲು ಬೈಕನ್ನು ಫುಟ್‌ಪಾತ್ ಮೇಲೆ ಹತ್ತಿಸಿ ನಿಲ್ಲಿಸಿದರು. "ದೋ ಮಿನಿಟ್, ಬಸ್" ಎಂದು ಹೇಳಿ ಅಂಗಡಿಯೊಳಗೆ ಹೋದರು. ನಾನು ಪಕ್ಕದಲ್ಲೇ ನಿಂತಿದ್ದೆ. ಕೋಲೂರಿಕೊಂಡು ಬರುತ್ತಿದ್ದ ಅಜ್ಜಿಯೊಬ್ಬರು ದಾರಿಯಿಲ್ಲದೆ ರಸ್ತೆಗೆ ಇಳಿದರು. ಹಿಂದಿನಿಂದ ಬಂದ ಆಟೋ ಗಕ್ಕನೆ ಬ್ರೇಕ್ ಹಾಕಿತು. ಅಜ್ಜಿಗೆ ಏನೂ ಆಗಲಿಲ್ಲ. ಆದರೆ ಅವರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಆಮೇಲೆಯೇ ನಾನು ಈ ನಿಯಮಗಳನ್ನು ಓದಿದ್ದು.

ನಿಲ್ಲಿಸುವುದು ಬೇರೆ, ಪಾರ್ಕಿಂಗ್ ಬೇರೆ. ಜನರನ್ನು ಹತ್ತಿಸಿ ಇಳಿಸಲು ಸ್ವಲ್ಪ ಹೊತ್ತು ನಿಂತು ಹೊರಟರೆ ಅದು ನಿಲುಗಡೆ. ವಾಹನ ಬಿಟ್ಟು ನಮ್ಮ ಕೆಲಸಕ್ಕೆ ಹೋದರೆ ಪಾರ್ಕಿಂಗ್. ಫಲಕಗಳೂ ಎರಡು. ನೀಲಿ ವೃತ್ತದ ಮೇಲೆ ಒಂದು ಕೆಂಪು ಓರೆಗೆರೆ ಇದ್ದರೆ ಪಾರ್ಕಿಂಗ್ ಮಾಡಬಾರದು. ಎರಡು ಗೆರೆ ಅಡ್ಡಡ್ಡ ಇದ್ದರೆ ನಿಲ್ಲಿಸಲೂಬಾರದು.

ಫಲಕ ಇಲ್ಲದಿದ್ದರೂ ಕೆಲವು ಜಾಗಗಳಲ್ಲಿ ಪಾರ್ಕಿಂಗ್ ತಪ್ಪು:
* ಫುಟ್‌ಪಾತ್ ಮತ್ತು ಜೀಬ್ರಾ ಕ್ರಾಸಿಂಗ್
* ತಿರುವು ಮತ್ತು ವೃತ್ತದ ಹತ್ತಿರ
* ಬಸ್ ನಿಲ್ದಾಣ, ಶಾಲೆ ಮತ್ತು ಆಸ್ಪತ್ರೆಯ ಬಾಗಿಲು
* ನಿಂತಿರುವ ಇನ್ನೊಂದು ವಾಹನದ ಪಕ್ಕ, ರಸ್ತೆಯ ಕಡೆಗೆ

1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಪ್ರಕಾರ, ಬೇರೆಯವರಿಗೆ ಅಪಾಯ, ಅಡಚಣೆ ಅಥವಾ ಅನಗತ್ಯ ತೊಂದರೆ ಆಗುವಂತೆ ಸಾರ್ವಜನಿಕ ಸ್ಥಳದಲ್ಲಿ ವಾಹನ ನಿಲ್ಲಿಸಿ ಬಿಡಬಾರದು. ನನಗೆ ಆಶ್ಚರ್ಯವಾದದ್ದು ಏನೆಂದರೆ, ಈ ಕಲಂನಲ್ಲಿ ನಿಮಿಷದ ಲೆಕ್ಕವೇ ಇಲ್ಲ. ಎಷ್ಟು ಹೊತ್ತು ಎಂದಲ್ಲ, ಯಾರಿಗೆ ತೊಂದರೆ ಎಂದು ಅದು ಕೇಳುತ್ತದೆ. ಹಾಗಾದರೆ "ಎರಡೇ ನಿಮಿಷ" ಎನ್ನುವುದು ಉತ್ತರವೇ ಅಲ್ಲ.

ನಾವು ಕಾಮರ್ಸ್‌ನವರು. ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಇರಬೇಕು ಎಂದು ಮೊದಲ ಪಾಠದಲ್ಲೇ ಕಲಿತಿದ್ದೇವೆ. ಅಂದು ನಮಗೆ ಉಳಿದ ಐವತ್ತು ಹೆಜ್ಜೆ ಅಜ್ಜಿಯ ಖಾತೆಗೆ ಹೋಯಿತು. ಅದೂ ಆಟೋ ಮುಂದೆ.

ಇದನ್ನು ಮನೆಯಲ್ಲಿ ಹೇಳಲು ಭಯವಿತ್ತು. ಊಟದ ಹೊತ್ತಿನಲ್ಲಿ ಮೆಲ್ಲಗೆ ಹೇಳಿದೆ. ಅಬ್ಬಾ ಏನೂ ಮಾತನಾಡಲಿಲ್ಲ. ಮುಂದಿನ ವಾರ ಅದೇ ಅಂಗಡಿಗೆ ಹೋದಾಗ ಬೈಕನ್ನು ಪಾರ್ಕಿಂಗ್ ಜಾಗದಲ್ಲಿ ಬಿಟ್ಟು, "ಚಲ್, ನಡೆದು ಹೋಗೋಣ" ಎಂದರು.

ನನಗೆ ಇನ್ನೂ ಹದಿನೇಳು, ಲೈಸೆನ್ಸ್ ಇಲ್ಲ. ಆದರೆ ಹಿಂದೆ ಕೂತವರೂ "ಇಲ್ಲಿ ಬೇಡ, ಸ್ವಲ್ಪ ಮುಂದೆ" ಎನ್ನಬಹುದು. ನಾಳೆ ನಮ್ಮ ಕಾಲೇಜಿನ ಗೇಟಿನಲ್ಲಿ ಇಳಿಯುವಾಗ ನೀವೂ ಹೇಳಿ ನೋಡಿ.