ಒಪ್ಪಿ ಬೇರೆಯಾದರೂ ಡಿಕ್ರಿ ಬೇಕು

ಮದುವೆ ಮುರಿದಾಗ ಹೊಡೆದಾಟ, ಪೊಲೀಸ್ ಠಾಣೆ, ವರ್ಷಗಟ್ಟಲೆ ಕೋರ್ಟು ಅಲೆದಾಟ ಇದ್ದೇ ಇರುತ್ತದೆ ಎಂಬ ಕಾಲ ಮೆಲ್ಲಗೆ ಬದಲಾಗುತ್ತಿದೆ. ಇಬ್ಬರೂ ದುಡಿಯುತ್ತಾರೆ, ಇಬ್ಬರಿಗೂ ಹೊಂದಿಕೆಯಾಗುತ್ತಿಲ್ಲ, ಜಗಳವಿಲ್ಲದೆ ಬೇರೆಯಾಗೋಣ ಎಂದು ತಾವೇ ತೀರ್ಮಾನಿಸುತ್ತಾರೆ. ತೊಂದರೆ ಶುರುವಾಗುವುದು ಆಮೇಲೆ. ‘ಒಪ್ಪಿಗೆ ಇದೆಯಲ್ಲ, ಕೋರ್ಟು ಯಾಕೆ?’ ಎಂದು ಛಾಪಾ ಕಾಗದದ ಮೇಲೆ ಬರೆಸಿ, ನೋಟರಿ ಮೊಹರು ಹಾಕಿಸಿ ಸುಮ್ಮನಾಗುವವರು ಇಂದಿಗೂ ಇದ್ದಾರೆ. ಹಳ್ಳಿಗಳಲ್ಲಿ ಪಂಚರ ಮುಂದೆ ಬಿಡುಗಡೆ ಪತ್ರ ಬರೆಸುತ್ತಾರೆ.

ಇಂಥ ಕಾಗದದಿಂದ ಮದುವೆ ಮುಗಿಯುವುದಿಲ್ಲ. ಹಿಂದೂ ವಿವಾಹ ಕಾಯ್ದೆ, 1955ರ 29(2)ನೇ ಕಲಮು ರೂಢಿಯ ವಿಚ್ಛೇದನವನ್ನು ಉಳಿಸಿಕೊಂಡಿದೆ, ನಿಜ. ಆದರೆ ಆ ಸಮುದಾಯದಲ್ಲಿ ಅಂಥ ರೂಢಿ ಬಹುಕಾಲದಿಂದ ನಡೆದುಬಂದಿದೆ ಎಂದು ಸಾಕ್ಷ್ಯದ ಮೂಲಕ ಸಾಬೀತು ಮಾಡಬೇಕು. ಆಗದಿದ್ದರೆ ಮೊದಲ ಮದುವೆ ಊರ್ಜಿತವಾಗಿಯೇ ಇರುತ್ತದೆ. ಆ ಕಾಗದ ನಂಬಿ ಇನ್ನೊಂದು ಮದುವೆಯಾದರೆ ಅದು ಅಸಿಂಧು. ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಡಿ 7 ವರ್ಷದವರೆಗೆ ಸೆರೆವಾಸಕ್ಕೂ ದಾರಿಯಾಗಬಹುದು.

ಯಾರು, ಎಲ್ಲಿ ಅರ್ಜಿ ಹಾಕಬಹುದು?

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆಂದು ಹಿಂದೂ ವಿವಾಹ ಕಾಯ್ದೆಗೆ 1976ರ ತಿದ್ದುಪಡಿಯಲ್ಲಿ 13ಬಿ ಕಲಮು ಸೇರಿಸಲಾಯಿತು. ರಿಜಿಸ್ಟರ್ ಮದುವೆಯವರಿಗೆ, ಅಂದರೆ ವಿಶೇಷ ವಿವಾಹ ಕಾಯ್ದೆ, 1954ರಡಿ ಮದುವೆಯಾದವರಿಗೆ, 28ನೇ ಕಲಮಿನಲ್ಲಿ ಇದೇ ಅವಕಾಶವಿದೆ. ಮುಸ್ಲಿಮರಿಗೆ ಮತ್ತು ಕ್ರೈಸ್ತರಿಗೆ ಅವರವರ ಕಾನೂನು ಅನ್ವಯಿಸುತ್ತದೆ.

ಷರತ್ತು ಮೂರು: ಒಂದು ವರ್ಷದಿಂದ ಬೇರೆಯಾಗಿ ಬಾಳುತ್ತಿರಬೇಕು, ಕೂಡಿ ಬಾಳಲು ಸಾಧ್ಯವಾಗಿಲ್ಲ ಎಂದಿರಬೇಕು, ಇಬ್ಬರೂ ಒಪ್ಪಿರಬೇಕು. ಬೇರೆ ಮನೆಯಲ್ಲೇ ಇರಬೇಕೆಂದಿಲ್ಲ. ಒಂದೇ ಸೂರಿನಡಿ ಇದ್ದರೂ ಗಂಡ-ಹೆಂಡತಿಯಂತೆ ಬಾಳುತ್ತಿಲ್ಲವಾದರೆ ಸಾಕು ಎಂದು ಸುಪ್ರೀಂ ಕೋರ್ಟ್ 1991ರ ಸುರೇಷ್ಟಾ ದೇವಿ ಪ್ರಕರಣದಲ್ಲಿ ಹೇಳಿದೆ.

ಮದುವೆ ನಡೆದ ಊರು, ಇಬ್ಬರೂ ಕೊನೆಗೆ ಒಟ್ಟಿಗೆ ಇದ್ದ ಊರು, ಹೆಂಡತಿ ಈಗ ಇರುವ ಊರು, ಇವುಗಳಲ್ಲಿ ಯಾವುದಾದರೂ ಒಂದರ ವ್ಯಾಪ್ತಿಯ ಕೌಟುಂಬಿಕ ನ್ಯಾಯಾಲಯಕ್ಕೆ ಜಂಟಿ ಅರ್ಜಿ ಸಲ್ಲಿಸಬಹುದು. ಬೆಂಗಳೂರಿನವರು ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೆ ಹೋಗುತ್ತಾರೆ. ಲಗ್ನಪತ್ರಿಕೆ, ಮದುವೆಯ ಫೋಟೊ, ಆಧಾರ್, ವಿಳಾಸದ ದಾಖಲೆ ಜೊತೆಗಿರಲಿ. ಮದುವೆ ನೋಂದಣಿಯಾಗಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ನಿಲ್ಲುವುದಿಲ್ಲ.

ಆರು ತಿಂಗಳ ಕಾಯುವಿಕೆ

ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಳೆದು, ಹದಿನೆಂಟು ತಿಂಗಳೊಳಗೆ ಇಬ್ಬರೂ ಮತ್ತೆ ನ್ಯಾಯಾಧೀಶರ ಮುಂದೆ ಒಪ್ಪಿಗೆ ಹೇಳಬೇಕು. ಮನಸ್ಸು ಬದಲಾಗಬಹುದೆಂದೇ ಈ ಅವಧಿ ಇಟ್ಟಿದ್ದಾರೆ. ಮಧ್ಯಸ್ಥಿಕೆ ಕೇಂದ್ರದಲ್ಲಿ ಮಾತುಕತೆಯೂ ನಡೆಯುತ್ತದೆ. ಡಿಕ್ರಿ, ಅಂದರೆ ನ್ಯಾಯಾಲಯದ ವಿಚ್ಛೇದನ ಆದೇಶ, ಆಗುವವರೆಗೆ ಯಾರು ಬೇಕಾದರೂ ಒಪ್ಪಿಗೆ ಹಿಂಪಡೆಯಬಹುದು. ಹೆದರಿಸಿಯೋ ವಂಚಿಸಿಯೋ ಪಡೆದ ಒಪ್ಪಿಗೆಯಾದರೆ ನ್ಯಾಯಾಲಯ ಡಿಕ್ರಿ ಕೊಡುವಂತಿಲ್ಲ.

ಈ ಆರು ತಿಂಗಳು ಎಲ್ಲರಿಗೂ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟಿನ 2017ರ ಅಮರದೀಪ್ ಸಿಂಗ್ ತೀರ್ಪು ಹೇಳಿದೆ. ಅರ್ಜಿಗೆ ಮೊದಲೇ ಒಂದೂವರೆ ವರ್ಷ ಬೇರೆಯಾಗಿದ್ದು, ರಾಜಿ ಯತ್ನ ಫಲಿಸದೆ, ಜೀವನಾಂಶ ಮತ್ತು ಮಕ್ಕಳ ವಿಷಯ ಇತ್ಯರ್ಥವಾಗಿದ್ದರೆ ವಿನಾಯಿತಿ ಕೋರಬಹುದು. ಕೊಡುವುದು ಬಿಡುವುದು ನ್ಯಾಯಾಲಯದ ವಿವೇಚನೆ. ವಿದೇಶದಲ್ಲಿರುವವರು ವಿಡಿಯೊ ಕಾನ್ಫರೆನ್ಸ್ ಮೂಲಕ ಹಾಜರಾಗಲು ಅನುಮತಿ ಕೇಳಬಹುದೆಂಬುದೂ ಅದೇ ತೀರ್ಪಿನಲ್ಲಿದೆ.

ರಾಜಿ ಪತ್ರದಲ್ಲಿ ಏನಿರಬೇಕು?

ಜಂಟಿ ಅರ್ಜಿಯ ಜೀವಾಳ ರಾಜಿ ಪತ್ರ. ಇದರಲ್ಲಿ ಬಿಟ್ಟುಹೋದದ್ದೇ ಮುಂದೆ ವ್ಯಾಜ್ಯವಾಗುತ್ತದೆ.

‘ತಂದೆ ಆಗಾಗ ಮಗುವನ್ನು ನೋಡಬಹುದು’ ಎಂದು ಬರೆದರೆ ಆರು ತಿಂಗಳಲ್ಲಿ ಜಗಳ ಖಚಿತ. ‘ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10ರಿಂದ ಭಾನುವಾರ ಸಂಜೆ 5ರವರೆಗೆ, ದಸರಾ ರಜೆಯ ಅರ್ಧ ಭಾಗ, ಕರೆದೊಯ್ದು ತಂದುಬಿಡುವ ಹೊಣೆ ತಂದೆಯದು’ ಎಂದು ಬರೆಯಿಸಿ. ಶಾಲೆ ಶುಲ್ಕ, ಆಸ್ಪತ್ರೆ ಖರ್ಚು ಯಾರದೆಂದೂ ಇರಲಿ. ಮಗುವಿನ ಜೀವನಾಂಶದ ಹಕ್ಕನ್ನು ತಾಯಿ ಬಿಟ್ಟುಕೊಡಲು ಬರುವುದಿಲ್ಲ. ಅದು ಮಗುವಿನ ಹಕ್ಕು.

ಜೀವನಾಂಶ ಒಂದೇ ಗಂಟೋ, ತಿಂಗಳ ಕಂತೋ, ಯಾವ ದಿನ ಯಾವ ಖಾತೆಗೆ ಎಂಬುದು ಅಂಕಿ-ಅಕ್ಷರ ಎರಡರಲ್ಲೂ ಇರಲಿ. ತವರಿನವರು ಕೊಟ್ಟ ಒಡವೆ, ಪಾತ್ರೆ, ಉಡುಗೊರೆ ಸ್ತ್ರೀಧನ. ಅದು ಹೆಂಡತಿಯದೇ ಸ್ವತ್ತು ಎಂಬುದನ್ನು ಸುಪ್ರೀಂ ಕೋರ್ಟ್ 1985ರಲ್ಲೇ ಸ್ಪಷ್ಟಪಡಿಸಿದೆ. ಪಟ್ಟಿ ಮಾಡಿ, ಹಿಂದಿರುಗಿಸಿದ್ದಕ್ಕೆ ಸಹಿ ಪಡೆಯಿರಿ. ಜಂಟಿ ಹೆಸರಿನ ಫ್ಲ್ಯಾಟ್ ಇದ್ದರೆ ಗೃಹಸಾಲದ ಉಳಿದ ಕಂತು ಯಾರು ಕಟ್ಟಬೇಕೆಂದೂ ಬರೆಯಿಸಿ. ನೀವಿಬ್ಬರೂ ಒಪ್ಪಿಕೊಂಡ ಮಾತ್ರಕ್ಕೆ ಬ್ಯಾಂಕು ಒಬ್ಬರ ಹೆಸರು ತೆಗೆಯುವುದಿಲ್ಲ.

‘ಎಲ್ಲ ಕೇಸು ವಾಪಸ್’ ಎಂಬ ಸಾಲೂ ಸಾಲದು. ಹೆಂಡತಿಗೆ ಕಿರುಕುಳ ಕೊಟ್ಟ ಆರೋಪದ, ಹಳೆಯ ದಂಡ ಸಂಹಿತೆಯ 498ಎ (ಈಗಿನ ನ್ಯಾಯ ಸಂಹಿತೆಯ 85ನೇ ಕಲಮು) ಪ್ರಕರಣವನ್ನು ಕೆಳ ನ್ಯಾಯಾಲಯದಲ್ಲಿ ರಾಜಿ ಮಾಡಿಕೊಳ್ಳಲು ಬರುವುದಿಲ್ಲ. ರದ್ದತಿಗೆ ಹೈಕೋರ್ಟಿಗೇ ಹೋಗಬೇಕು. ಅದಕ್ಕೆ ಇಬ್ಬರೂ ಸಹಕರಿಸುವುದಾಗಿ ರಾಜಿ ಪತ್ರದಲ್ಲಿ ಬರೆಸಿಕೊಳ್ಳಿ.

ಹಣವಿಲ್ಲದವರಿಗೆ, ಹಿಂಸೆ ಇರುವಲ್ಲಿ

ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅಥವಾ ತಾಲ್ಲೂಕು ಸಮಿತಿಗೆ ಅರ್ಜಿ ಕೊಡಿ. 15100ಕ್ಕೆ ಕರೆ ಮಾಡಿದರೂ ಆದೀತು.

ಹೊಡೆತ ಬೆದರಿಕೆ ಇರುವ ಮನೆಯಲ್ಲಿ ‘ಒಪ್ಪಿಗೆ’ಗೆ ಅರ್ಥವಿಲ್ಲ. ಅಲ್ಲಿ ಮೊದಲು ಬೇಕಾದದ್ದು ಕೌಟುಂಬಿಕ ಹಿಂಸೆ ಕಾಯ್ದೆ, 2005ರಡಿ ರಕ್ಷಣಾ ಆದೇಶ. ಮಹಿಳಾ ಸಹಾಯವಾಣಿ 181.

ಡಿಕ್ರಿ ಕೈಗೆ ಬಂದ ಮೇಲೆ

ದೃಢೀಕೃತ ಪ್ರತಿಗಳನ್ನು ಒಂದೆರಡು ಹೆಚ್ಚೇ ತೆಗೆದಿಟ್ಟುಕೊಳ್ಳಿ. ಪಿಎಫ್, ವಿಮೆ, ಬ್ಯಾಂಕ್ ಖಾತೆಗಳ ನಾಮಿನಿ ಬದಲಿಸಿ. ಪಡಿತರ ಚೀಟಿ, ಪಾಸ್‌ಪೋರ್ಟ್ ಸರಿಪಡಿಸಿಕೊಳ್ಳಿ. ಇದೆಲ್ಲಕ್ಕೂ ಮೊದಲು, ರಾಜಿ ಪತ್ರಕ್ಕೆ ಸಹಿ ಹಾಕುವ ಮುನ್ನ ಸಾಲು ಸಾಲು ಓದಿ. ಅರ್ಥವಾಗದ್ದನ್ನು ವಕೀಲರಿಂದ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು.