ಮಾನಿಟರ್ ಜೋಡಿಸಿದರೆ ಲ್ಯಾಪ್‌ಟಾಪ್ ಏಕೆ ಬಿಸಿಯಾಗುತ್ತದೆ? ಆರು ದಿನದ ಪರೀಕ್ಷೆ



ನಮ್ಮ ಮನೆಯ ಲ್ಯಾಪ್‌ಟಾಪ್ ಭಾಯಿಯಿಂದ ನನಗೆ ಬಂದದ್ದು. ಪರದೆ ಚಿಕ್ಕದು. ನಾನೂ ತಂಗಿಯೂ ಒಟ್ಟಿಗೆ ಕೂತು ಪಾಠದ ವಿಡಿಯೊ ನೋಡಲೆಂದು ಅಬ್ಬಾ ಒಂದು ಹಳೆಯ ಮಾನಿಟರ್ ಕೊಡಿಸಿದರು. ಅಂದಿನಿಂದ ತೊಂದರೆ ಶುರುವಾಯಿತು. ಹತ್ತೇ ನಿಮಿಷಕ್ಕೆ ಫ್ಯಾನ್ ಜೋರಾಗಿ ಕೂಗುತ್ತಿತ್ತು. ವಿಡಿಯೊ ನಿಂತು ನಿಂತು ಓಡುತ್ತಿತ್ತು. ಪೈಥಾನ್ ಪ್ರೋಗ್ರಾಂ ಟೈಪ್ ಮಾಡಿದರೆ ಅಕ್ಷರ ತಡವಾಗಿ ಮೂಡುತ್ತಿತ್ತು. ರಿಪೇರಿ ಅಂಗಡಿಗೆ ಒಯ್ದಾಗ ಬಿಚ್ಚಿ ನೋಡದೆಯೇ "ಮದರ್‌ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಎಂದರು. ಅಬ್ಬಾ ನನ್ನ ಮುಂದಿನ ವರ್ಷದ ಫೀಸಿಗೆ ಎತ್ತಿಟ್ಟಿದ್ದ ಹಣ ತೆಗೆಯಲು ಹೊರಟರು. "ಒಂದು ವಾರ ಕೊಡಿ ಅಬ್ಬಾ, ನಾನೇ ನೋಡ್ತೀನಿ" ಎಂದೆ.

ಮೊದಲ ದಿನ ನಾನು ತಪ್ಪು ಮಾಡಿದೆ. ಧೂಳು ಒರೆಸಿದೆ, ಜಾಗ ಬದಲಿಸಿದೆ, ನಾಲ್ಕಾರು ಪ್ರೋಗ್ರಾಂ ಮುಚ್ಚಿದೆ, ಎಲ್ಲವೂ ಒಂದೇ ಸಲ. ಸ್ವಲ್ಪ ಸುಧಾರಿಸಿದಂತೆ ಕಂಡಿತು, ಮರುದಿನ ಮತ್ತೆ ಹಳೆಯ ಕಥೆ. ಯಾವುದರಿಂದ ಸುಧಾರಿಸಿತು ಎಂದು ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಭೌತಶಾಸ್ತ್ರದ ಲ್ಯಾಬಿನಲ್ಲಿ ನಾವು ಹೀಗೆ ಮಾಡುತ್ತೇವೆಯೇ? ಒಂದನ್ನು ಮಾತ್ರ ಬದಲಿಸಿ, ಉಳಿದದ್ದನ್ನು ಹಾಗೇ ಇಟ್ಟು, ಅಳತೆ ಬರೆದುಕೊಳ್ಳುತ್ತೇವೆ. ಅದೇ ದಾರಿ ಹಿಡಿದೆ.

ಬಿಸಿ ಎಲ್ಲಿಂದ ಬರುತ್ತದೆ?

ಪರದೆಯ ಚಿತ್ರ ಚುಕ್ಕಿಗಳಿಂದ ಆದದ್ದು. ನಮ್ಮ ಲ್ಯಾಪ್‌ಟಾಪ್ ಪರದೆಯಲ್ಲಿ 1366 × 768, ಅಂದರೆ ಸುಮಾರು 10.5 ಲಕ್ಷ ಚುಕ್ಕಿಗಳಿವೆ. ಮಾನಿಟರಿನಲ್ಲಿ 1920 × 1080, ಅಂದರೆ ಸುಮಾರು 20.7 ಲಕ್ಷ. ಎರಡೂ ಒಟ್ಟಿಗೆ ಉರಿದರೆ ಕೆಲಸ ಮೂರು ಪಟ್ಟು, ಅದೂ ಸೆಕೆಂಡಿಗೆ 60 ಸಲ. ನಿಂತ ಚಿತ್ರಕ್ಕೆ ಹೆಚ್ಚು ಶ್ರಮವಿಲ್ಲ. ವಿಡಿಯೊ ಓಡಿದಾಗ ಭಾರ ತಿಳಿಯುತ್ತದೆ. ನಮ್ಮಂಥ ಸಾಧಾರಣ ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಭಾಗವೂ ಪ್ರೊಸೆಸರ್ ಚಿಪ್‌ನೊಳಗೇ ಇರುತ್ತದೆ. ಎರಡಕ್ಕೂ ಒಂದೇ ಫ್ಯಾನ್, ಒಂದೇ ಮೆಮೊರಿ.

ಚಿಪ್ ತನ್ನ ಮಿತಿ ಮುಟ್ಟಿದಾಗ (ಹಲವು ಲ್ಯಾಪ್‌ಟಾಪ್ ಚಿಪ್‌ಗಳಿಗೆ ಇದು ಸುಮಾರು 100 ಡಿಗ್ರಿ ಸೆಲ್ಸಿಯಸ್) ತಾನು ಸುಟ್ಟುಹೋಗದಂತೆ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ನಾವು "ಸ್ಲೋ ಆಯ್ತು" ಎನ್ನುವುದು ಬಹಳ ಸಲ ಇದನ್ನೇ. ಅದು ಹಾಳಾದ ಗುರುತಲ್ಲ, ತನ್ನನ್ನು ಕಾಪಾಡಿಕೊಳ್ಳುವ ಉಪಾಯ.

ಪರೀಕ್ಷೆ

ನಮ್ಮದು ಶೀಟಿನ ಮನೆ. ಶ್ರೀರಾಂಪುರದ ಮಾರ್ಚ್ ಬಿಸಿಲಿನಲ್ಲಿ ಮಧ್ಯಾಹ್ನಕ್ಕೂ ಬೆಳಗಿಗೂ ಕೋಣೆಯ ಉಷ್ಣತೆ ಬಹಳ ಬೇರೆ. ಅದಕ್ಕೇ ದಿನಕ್ಕೊಂದೇ ಪರೀಕ್ಷೆ, ಬೆಳಗ್ಗೆ ಆರೂವರೆಗೆ, ಅದೇ ವಿಡಿಯೊ, ಇಪ್ಪತ್ತು ನಿಮಿಷ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪ್ರೊಸೆಸರ್ ವೇಗ ಕಾಣುತ್ತದೆ. ಪ್ರೊಸೆಸರ್ ಉಷ್ಣತೆ ನೋಡಲು ಎಚ್‌ಡಬ್ಲ್ಯೂಮಾನಿಟರ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡೆ. ನೋಟ್‌ಬುಕ್‌ನಲ್ಲಿ ಬರೆದದ್ದು ಹೀಗಿದೆ:

ದಿನ 1. ಮಾನಿಟರ್ ಇಲ್ಲದೆ: 66 ಡಿಗ್ರಿ.
ದಿನ 2. ಯುಎಸ್‌ಬಿ ಅಡಾಪ್ಟರ್ ಮೂಲಕ ಮಾನಿಟರ್, ಮುಚ್ಚಳ ಮುಚ್ಚಿ (ಎಂದಿನಂತೆ): 97 ಡಿಗ್ರಿ, ವೇಗ 1.1 ಗಿಗಾಹರ್ಟ್ಸ್‌ಗೆ ಕುಸಿತ.
ದಿನ 3. ಮುಚ್ಚಳ ಮಾತ್ರ ತೆರೆದು: 91 ಡಿಗ್ರಿ.
ದಿನ 4. ಅಡಾಪ್ಟರ್ ಬಿಟ್ಟು ನೇರ ಎಚ್‌ಡಿಎಂಐ ಕೇಬಲ್: 79 ಡಿಗ್ರಿ.
ದಿನ 5. ಹಿಂಬದಿಗೆ ಎರಡು ಮರದ ತುಂಡು ಇಟ್ಟು ಎತ್ತರಿಸಿ: 76 ಡಿಗ್ರಿ.
ದಿನ 6. ಧೂಳು ತೆಗೆದು: 70 ಡಿಗ್ರಿ.

ದೊಡ್ಡ ಕಳ್ಳ ಮಾನಿಟರ್ ಜೊತೆ ಬಂದಿದ್ದ ಅಡಾಪ್ಟರ್! ಇಂಥ ಯುಎಸ್‌ಬಿ ಅಡಾಪ್ಟರ್‌ಗಳಲ್ಲಿ ಚಿತ್ರವನ್ನು ಕುಗ್ಗಿಸಿ ಕಳಿಸುವ ಕೆಲಸ ಪ್ರೊಸೆಸರ್ ಮೇಲೆ ಬೀಳುತ್ತದೆ. ಎಚ್‌ಡಿಎಂಐ ಕಿಂಡಿಯಲ್ಲಿ ಚಿತ್ರ ನೇರವಾಗಿ ಹೋಗುತ್ತದೆ. ಚಿತ್ರ ಕಳಿಸಬಲ್ಲ ಟೈಪ್-ಸಿ ಕಿಂಡಿ ನಿಮ್ಮದರಲ್ಲಿದ್ದರೆ ಅದೂ ನೇರ ದಾರಿಯೇ.

ಧೂಳಿನ ವಿಷಯ ಬೈಕ್ ಇಂಜಿನ್ನಿನ ಫಿನ್‌ಗಳಂತೆ. ಅವುಗಳ ನಡುವೆ ಕೆಸರು ಮೆತ್ತಿದರೆ ಗಾಳಿ ಆಡದೆ ಇಂಜಿನ್ ಕಾಯುತ್ತದೆ. ಲ್ಯಾಪ್‌ಟಾಪ್ ಒಳಗೂ ಫ್ಯಾನಿನ ಮುಂದೆ ಅಂಥವೇ ಸಣ್ಣ ಫಿನ್‌ಗಳಿವೆ. ನಮ್ಮದರಲ್ಲಿ ಅವುಗಳ ಮೇಲೆ ಧೂಳು ಕಂಬಳಿಯಂತೆ ಕೂತಿತ್ತು.

ಹೊತ್ತಿನ ಮಹತ್ವಕ್ಕೆ ನ್ಯೂಟನ್ನನ ತಂಪಾಗುವಿಕೆಯ ನಿಯಮ ನೆನಪಿಸಿಕೊಳ್ಳಿ. ಶಾಖ ಹೊರಹೋಗುವ ದರ ವಸ್ತುವಿಗೂ ಸುತ್ತಲಿನ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅವಲಂಬಿಸುತ್ತದೆ. ಚಿಪ್ 85 ಡಿಗ್ರಿ ಇದ್ದಾಗ ಕೋಣೆ 25 ಇದ್ದರೆ ಅಂತರ 60. ಕೋಣೆ 37 ಆದರೆ ಅಂತರ 48 ಮಾತ್ರ. ಹೊರಹೋಗುವ ಶಾಖ ಹೆಚ್ಚು ಕಡಿಮೆ ಐದನೇ ಒಂದು ಪಾಲು ತಗ್ಗಿತು. ಈಗ ನಾವು ವಿಡಿಯೊ ಪಾಠ ಬೆಳಗ್ಗೆ ನೋಡಿ, ಮಧ್ಯಾಹ್ನ ಪುಸ್ತಕ ಓದುತ್ತೇವೆ.

ನೀವು ಮಾಡಬಹುದಾದದ್ದು

1. ಹಾಸಿಗೆ, ದಿಂಬಿನ ಮೇಲೆ ಇಡಬೇಡಿ. ಕೆಳಗಿನ ಗಾಳಿಕಿಂಡಿ ಮುಚ್ಚಿಹೋಗುತ್ತದೆ.
2. ಮಾನಿಟರ್ ಒಂದೇ ಸಾಕಾದರೆ ಮುಚ್ಚಳ ತೆರೆದಿಟ್ಟು, ವಿಂಡೋಸ್ ಕೀಲಿಯೊಂದಿಗೆ ಪಿ ಒತ್ತಿ, ಎರಡನೇ ಪರದೆ ಮಾತ್ರ ಎಂಬುದನ್ನು ಆರಿಸಿ.
3. ಟಾಸ್ಕ್ ಮ್ಯಾನೇಜರ್‌ನಲ್ಲಿ ಹೆಚ್ಚು ಮೆಮೊರಿ ತಿನ್ನುವ ಪ್ರೋಗ್ರಾಂ ಯಾವುದು ನೋಡಿ. ಉಷ್ಣತೆ ಕಡಿಮೆ ಇದ್ದೂ ನಿಧಾನವಾದರೆ ಕಾರಣ ಬಿಸಿಯಲ್ಲ, ಮೆಮೊರಿ ಅಥವಾ ಡಿಸ್ಕ್ ಇರಬಹುದು.
4. ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್ ಆದರೆ ಕೆಲವದರಲ್ಲಿ ಎಚ್‌ಡಿಎಂಐ ಕಿಂಡಿ ದೊಡ್ಡ ಚಿಪ್‌ಗೇ ಸೇರಿರುತ್ತದೆ. ಮಾನಿಟರ್ ಹಾಕಿದೊಡನೆ ಅದು ಎಚ್ಚರಗೊಂಡು ಬಿಸಿ ಏರುತ್ತದೆ. ಅಲ್ಲಿ ಟೈಪ್-ಸಿ ಕಿಂಡಿಯನ್ನೂ ಪರೀಕ್ಷಿಸಿ ನೋಡಿ.

ಎಚ್ಚರಿಕೆ

ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಬೇಡಿ. ಅದರ ಒತ್ತಡ ಹೆಚ್ಚು, ನೀರಿನ ಅಂಶವೂ ಇರುತ್ತದೆ. ಒದ್ದೆ ಬಟ್ಟೆ, ಐಸ್ ಇಡಬೇಡಿ. ವಾರಂಟಿ ಇದ್ದರೆ ನೀವೇ ಬಿಚ್ಚಬೇಡಿ. ಬಿಚ್ಚುವುದಾದರೆ ಪವರ್ ಆಫ್ ಮಾಡಿ, ಚಾರ್ಜರ್ ಕಿತ್ತು, ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಧೂಳು ತೆಗೆಯುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಹಿಡಿದು, ಮೆತ್ತನೆ ಬ್ರಷ್ ಬಳಸಿ. ಬ್ಯಾಟರಿ ಉಬ್ಬಿದ್ದರೆ, ಅಂದರೆ ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ, ಈ ಪರೀಕ್ಷೆ ಯಾವುದೂ ಬೇಡ. ಕೂಡಲೇ ಬಳಕೆ ನಿಲ್ಲಿಸಿ, ಚಾರ್ಜ್ ಮಾಡದೆ ತಿಳಿದ ಮೆಕ್ಯಾನಿಕ್‌ಗೆ ತೋರಿಸಿ.

ಏಳನೇ ದಿನ ನೋಟ್‌ಬುಕ್ ತೆರೆದು ಅಬ್ಬಾಗೆ ತೋರಿಸಿದೆ. ಅವರಿಗೆ ಪ್ರೊಸೆಸರ್ ಗೊತ್ತಿಲ್ಲ, ಆದರೆ 97 ಮತ್ತು 70ರ ವ್ಯತ್ಯಾಸ ಗೊತ್ತಾಯಿತು. ಖರ್ಚಾದದ್ದು ಒಂದು ಕೇಬಲ್ಲಿನ ಹಣ. ಫೀಸಿನ ದುಡ್ಡು ಫೀಸಿಗೇ ಉಳಿಯಿತು.

ಗೆಳೆಯರೇ, ಯಾರಾದರೂ "ಇದು ಹೋಯಿತು" ಎಂದರೆ ಕೂಡಲೇ ಒಪ್ಪಬೇಡಿ, ಜಗಳವನ್ನೂ ಆಡಬೇಡಿ. ಮೊದಲು ಅಳೆಯಿರಿ, ಒಂದನ್ನೇ ಬದಲಿಸಿ, ಮತ್ತೆ ಅಳೆಯಿರಿ. ಆಮೇಲೂ ಅದು ಹೋಗಿದೆ ಎಂದೇ ಕಂಡರೆ ಹೊಸದಕ್ಕೆ ಹಣ ಕೊಡುವಾಗ ಮನಸ್ಸಿಗೆ ಸಂಶಯವಿರುವುದಿಲ್ಲ.