ಹಬ್ಬದ ದಿನದ ಒಂಟಿತನ

ನರಕಚತುರ್ದಶಿಯ ನಸುಕು. ಓಣಿಯ ಮನೆಮನೆಯಲ್ಲಿಯೂ ಹಂಡೆಯ ಕೆಳಗೆ ಬೆಂಕಿ ಉರಿಯುತ್ತಿರುತ್ತದೆ. ಅಭ್ಯಂಗಸ್ನಾನ ಮುಗಿಸಿದ ಗಂಡಸರೂ ಮಕ್ಕಳೂ ಮಣೆಯ ಮೇಲೆ ಕುಳಿತು ಆರತಿ ಬೆಳಗಿಸಿಕೊಳ್ಳುತ್ತಿರುತ್ತಾರೆ. ಒಂದು ಮನೆಯ ಕದ ಮಾತ್ರ ತೆರೆದಿರುವುದಿಲ್ಲ. ಆ ಮನೆಯ ಯಜಮಾನರು ಲಿಂಗೈಕ್ಯರಾಗಿ ಇನ್ನೂ ವರುಷ ತುಂಬಿಲ್ಲ. ಮಗನು ದೂರದೇಶದಲ್ಲಿದ್ದಾನೆ, ಮಗಳಿಗೆ ಅತ್ತೆಯ ಮನೆಯಲ್ಲಿಯೇ ಹಬ್ಬ. ಆ ವರುಷ ಎಣ್ಣೆಯಲ್ಲಿ ಏನನ್ನೂ ಕರಿಯಬಾರದೆಂಬ ರೂಢಿ ಬೇರೆ. ಉಳಿದ ದಿನಗಳಲ್ಲಿ ಹೇಗೋ ಸಾಗುವ ಬಾಳು ಅಂದು ಭಾರವಾಗುತ್ತದೆ. ನೆರೆಮನೆಯ ನಗು ಗೋಡೆಯಾಚೆಯಿಂದ ಕೇಳಿಸುತ್ತಿರುತ್ತದೆ.

ಇಂಥ ತಾಯಿಯನ್ನು ಕಂಡವರು ಆಡುವ ಮಾತೊಂದುಂಟು: "ಕರಸ್ಥಲದಲ್ಲಿ ಲಿಂಗವಿರುವಾಗ ಒಂಟಿತನವೆಲ್ಲಿಯದು?" ಮಾತು ಸತ್ಯವಾದುದೇ. ಆದರೆ ತುಂಬಿದ ಮನೆಯಿಂದ ಬಂದವರು ಹೊಸ್ತಿಲಲ್ಲಿಯೇ ನಿಂತು ಹೀಗೆ ಹೇಳಿ ಹೊರಟರೆ, ಅದು ಉಪದೇಶವಾಗದೆ ತಪ್ಪಿಸಿಕೊಳ್ಳುವ ಉಪಾಯವಾಗುತ್ತದೆ.

ಅಕ್ಕಮಹಾದೇವಿಯ ಚರಿತ್ರೆಯನ್ನು ಇಲ್ಲಿ ನೆನೆಯಬೇಕು. ಕೌಶಿಕನ ಅರಮನೆಯನ್ನು ತೊರೆದು, ಚೆನ್ನಮಲ್ಲಿಕಾರ್ಜುನನೇ ಪತಿಯೆಂದು ಹೊರಟ ಆಕೆ ಒಂಟಿಯಾಗಿರಲು ಅಂಜಿದವಳಲ್ಲ. ಆದರೂ ಆಕೆ ನೇರವಾಗಿ ಶ್ರೀಶೈಲದ ಕದಳಿಯನ್ನು ಸೇರಲಿಲ್ಲ. ಮೊದಲು ಕಲ್ಯಾಣಕ್ಕೆ ಬಂದಳು. ಅಲ್ಲಮಪ್ರಭು ಆಕೆಯನ್ನು ಕಠಿಣವಾಗಿ ಪ್ರಶ್ನಿಸಿದ ಪ್ರಸಂಗವನ್ನು ಶೂನ್ಯಸಂಪಾದನೆಯು ವಿಸ್ತಾರವಾಗಿ ನಿರೂಪಿಸುತ್ತದೆ. ಆ ಪರೀಕ್ಷೆಯ ತರುವಾಯ ಶರಣರು ಆಕೆಯನ್ನು ತಮ್ಮವಳೆಂದು ಬರಮಾಡಿಕೊಂಡರು. ಕಿರಿಯ ವಯಸ್ಸಿನವಳು ಹಿರಿಯರಿಗೂ ಅಕ್ಕನಾದಳು. ಕದಳಿಯ ಏಕಾಂತವು ಅದಕ್ಕೂ ಮುಂದಿನ ಮಾತು. ಲಿಂಗವೇ ಸರ್ವಸ್ವವೆಂದವಳಿಗೂ ಶರಣಸಂಗ ಬೇಕಾಯಿತು. ಹೀಗಿರಲು, ಸಂಸಾರದಲ್ಲಿ ನಲವತ್ತು ವರುಷ ಜೊತೆಗಿದ್ದವರನ್ನು ಕಳೆದುಕೊಂಡ ಸಾಮಾನ್ಯ ಭಕ್ತೆಗೆ ಸಂಗವು ಬೇಡವೆನ್ನುವುದು ಯಾವ ನ್ಯಾಯ?

ಸಾವಿನ ಮನೆಯನ್ನು ಹಬ್ಬದಲ್ಲಿ ದೂರವಿಡುವುದಕ್ಕೆ ಸೂತಕದ ಭಾವನೆಯೇ ಮೂಲವಾಗಿದ್ದರೆ, ಅದು ಶರಣರು ಅಲ್ಲಗಳೆದ ಭಾವನೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳು ಲಿಂಗಧಾರಿಗೆ ಇಲ್ಲವೆಂಬುದು ಧರ್ಮದ ತಿರುಳು. ಭಕ್ತನು ಅಗಲಿದರೆ ಲಿಂಗೈಕ್ಯನಾದನೆನ್ನುತ್ತೇವೆ. ಹಾಗೆಂದ ಬಾಯಿಂದಲೇ ಆ ಮನೆಯನ್ನು ಮೈಲಿಗೆಯೆನ್ನುವುದು ಹೊಂದುವುದಿಲ್ಲ. ಗಂಡನನ್ನು ಕಳೆದುಕೊಂಡವಳನ್ನು ಆರತಿಯ ತಟ್ಟೆಯಿಂದ ದೂರ ನಿಲ್ಲಿಸುವ ರೂಢಿಯೂ ಇನ್ನೂ ಹಲವು ಕಡೆ ಅಳಿದಿಲ್ಲ. ಆಕೆಯ ಕೊರಳಿನಿಂದ ತಾಳಿ ಇಳಿದಿರಬಹುದು. ದೀಕ್ಷೆಯಲ್ಲಿ ಬಂದ ಲಿಂಗವು ಇಳಿದಿಲ್ಲ. ಅದು ಆಕೆಯೊಡನೆ ಸಮಾಧಿಯವರೆಗೂ ಬರುವಂಥದು. ಆಕೆ ಹಿಡಿದ ಆರತಿಗೆ ಯಾವ ಕೊರತೆಯಿದ್ದೀತು?

ಒಂಟಿಯಾದವರಿಗೂ ಒಂದು ಮಾತು ಸಲ್ಲುತ್ತದೆ. ಹಬ್ಬದ ದಿನ "ಯಾರಿಗಾಗಿ ಮಾಡಲಿ" ಎಂದು ಸ್ನಾನವನ್ನೂ ಪೂಜೆಯನ್ನೂ ಮುಂದೂಡಿ ಮಲಗಿದರೆ ಹೊತ್ತು ಇನ್ನಷ್ಟು ಉದ್ದವಾಗುತ್ತದೆ. ಇಷ್ಟಲಿಂಗದ ಪೂಜೆಗೆ ಪುರೋಹಿತನು ಬೇಡ, ಗುಡಿ ಬೇಡ, ಜೊತೆಗಾರರೂ ಬೇಡ, ಅಂಗೈಯೊಂದು ಸಾಕು. ಪೂಜೆಯ ನಡುವೆ ಕಣ್ಣೀರು ಬಂದರೆ ದೋಷವಿಲ್ಲ. ಒರೆಸಿಕೊಂಡು ಜಪವನ್ನು ಮುಂದುವರಿಸಬಹುದು. ಆಮೇಲೆ ತುಸುವೇ ಆದರೂ ಅಡುಗೆ ಮಾಡಬೇಕು, ಅದರಲ್ಲೊಂದು ಪಾಲು ಬೇರೊಬ್ಬರಿಗಿರಬೇಕು. ಓಣಿಯಲ್ಲಿ ಬಾಡಿಗೆಗಿರುವ ಪರಊರಿನ ವಿದ್ಯಾರ್ಥಿಯಾಗಲಿ, ಮುಪ್ಪಿನ ಮತ್ತೊಬ್ಬ ಒಂಟಿಯಾಗಲಿ, ಉಣ್ಣುವವರು ಸಿಕ್ಕೇ ಸಿಗುತ್ತಾರೆ. ದಾಸೋಹವೆಂಬುದು ಸಿರಿವಂತರ ಪಂಕ್ತಿಗಷ್ಟೇ ಮೀಸಲಾದುದಲ್ಲ. ಕೊಡುವ ಕೈಗೆ ಅಂದು ಮಾಡಲು ಕೆಲಸವಿರುತ್ತದೆ, ಕಾಯಲು ಒಬ್ಬರಿರುತ್ತಾರೆ.

ನೆರೆಯವರು ಮಾಡಬೇಕಾದುದು ಇನ್ನೂ ಸುಲಭ. ಹಬ್ಬದ ಪ್ರಸಾದವನ್ನು ಎಲ್ಲರೂ ಉಂಡಾದ ಮೇಲೆ ಮಗುವಿನ ಕೈಯಲ್ಲಿ ಕಳುಹಿಸದೆ, ಮನೆಯೊಡತಿ ತಾನೇ ಒಯ್ದು ಅರ್ಧ ಗಳಿಗೆ ಅಲ್ಲಿ ಕುಳಿತುಕೊಳ್ಳಬಹುದು. ಅಗಲಿದವರ ಹೆಸರೆತ್ತಲು ಹಲವರು ಅಳುಕುತ್ತಾರೆ. ಆ ಮನೆಯವರಿಗೋ ಆ ಹೆಸರು ಕೇಳುವುದೇ ಬೇಕಾಗಿರುತ್ತದೆ. ಕಳೆದ ದೀಪಾವಳಿಯಲ್ಲಿ ಅವರು ಹೀಗೆ ಹೇಳಿದ್ದರು, ಹಾಗೆ ನಕ್ಕಿದ್ದರು ಎಂದು ಒಂದು ಮಾತು ಬಂದರೆ ಸಾಕು, ತಾಯಿ ತಾನಾಗಿ ಮಾತಿಗೆ ತೊಡಗುತ್ತಾಳೆ. ಪಾಡ್ಯಮಿ ಮುಗಿದ ಮರುದಿನವೂ ಒಮ್ಮೆ ಹೋಗಿಬರಬೇಕು. ಬಂದ ನೆಂಟರೆಲ್ಲ ಬಸ್ಸು ಹತ್ತಿ, ಓಣಿಯ ಸದ್ದೆಲ್ಲ ಅಡಗಿದ ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಆ ಮನೆಯ ಕದವನ್ನು ತಟ್ಟುವವರು ಬಹಳ ಕಡಿಮೆ.